ಎಟಿ 2018 ಕೌ

ಎಟಿ 2018 ಕೌ ಎಂಬುದು ಹರ್ಕ್ಯುಲಿಸ್ ನಕ್ಷತ್ರಪುಂಜದ ದಿಕ್ಕಿನಲ್ಲಿ, ಭೂಮಿಯಿಂದ ಸುಮಾರು 20 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿರುವ ಸಿಜಿಸಿಜಿ 137-068 ಎಂಬ ಗೆಲಾಕ್ಸಿಯಲ್ಲಿ 2018ರ ಜೂನ್ 16ರಂದು ಪತ್ತೆಯಾದ ಅಲ್ಪಕಾಲಿಕ ಆಕಾಶಕಾಯ. ಆಕಾಶದಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡು, ಕೆಲವು ದಿನ ಅಥವಾ ತಿಂಗಳುಗಳಲ್ಲಿ ಮಾಸಿಹೋಗುವ ಬೆಳಕಿನ ಆಕರಗಳನ್ನು ಅಲ್ಪಕಾಲಿಕ ಕಾಯಗಳು ಎಂದು ಕರೆಯಲಾಗುತ್ತದೆ. ಸೂಪರ್ನೋವಾಗಳು ಇವುಗಳಲ್ಲಿ ಹೆಚ್ಚು ಪರಿಚಿತವಾದವು. ಎಟಿ 2018 ಕೌ ಸಾಮಾನ್ಯ ಸೂಪರ್ನೋವಾಗಿಂತ 10ರಿಂದ 100 ಪಟ್ಟು ಪ್ರಖರವಾಗಿತ್ತು. ಅದಕ್ಕಿಂತ ಬಹಳ ಬೇಗ ಬೆಳಗಿ, ಬಹಳ ಬೇಗ ಮಂಕಾಯಿತು. ಆದಕಾರಣ ಇದನ್ನು ಆಗ ತಿಳಿದಿದ್ದ ಯಾವ ವರ್ಗಕ್ಕೂ ಸೇರಿಸಲು ಸಾಧ್ಯವಾಗಲಿಲ್ಲ.

ಈ ಕಾಯದ ಸ್ವರೂಪವನ್ನು ನಿರ್ಣಯಿಸಲು ಗೋಚರ ಬೆಳಕು, ನೇರಳಾತೀತ, ಕ್ಷ-ಕಿರಣ ಮತ್ತು ರೇಡಿಯೋ ತರಂಗಗಳಲ್ಲಿ ಜಗತ್ತಿನ ಅನೇಕ ದೂರದರ್ಶಕಗಳು ತೊಡಗಿಕೊಂಡವು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಖಗೋಳವಿಜ್ಞಾನಿಗಳು ಲಡಾಖಿನ ಹಿಮಾಲಯನ್ ಚಂದ್ರ ದೂರದರ್ಶಕದ ಮೂಲಕ ಈ ಕಾರ್ಯದಲ್ಲಿ ಭಾಗವಹಿಸಿದರು. ಸ್ಫೋಟದ ಒಡಲಲ್ಲಿ ನ್ಯೂಟ್ರಾನ್ ತಾರೆ ಅಥವಾ ಕಪ್ಪುಕುಳಿಯಂತಹ ಅತಿ ಸಾಂದ್ರ ಕಾಯವೊಂದು ಇದೆ ಎಂಬುದರ ಬಗ್ಗೆ ಇಂದು ವ್ಯಾಪಕ ಸಮ್ಮತಿ ಇದೆ. ಆದರೆ ಆ ಕಾಯ ಯಾವುದು, ಅದು ಆಗ ತಾನೇ ಹುಟ್ಟಿದ್ದೋ ಅಥವಾ ಮೊದಲೇ ಇದ್ದದ್ದೋ ಎಂಬ ಪ್ರಶ್ನೆ ಇತ್ಯರ್ಥವಾಗಿಲ್ಲ.

ಹೆಸರು

'ಕೌ' ಎಂಬ ಹೆಸರಿಗೂ ಹಸುವಿಗೂ ಯಾವುದೇ ಸಂಬಂಧವಿಲ್ಲ. ಹೊಸದಾಗಿ ವರದಿಯಾದ ಅಲ್ಪಕಾಲಿಕ ಕಾಯಗಳಿಗೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ವ್ಯವಸ್ಥೆಯೊಂದು ಹೆಸರು ನೀಡುತ್ತದೆ. 'ಎಟಿ' ಎಂಬುದು ಖಗೋಳೀಯ ಅಲ್ಪಕಾಲಿಕ ಕಾಯ ಎಂಬುದರ ಇಂಗ್ಲಿಷ್ ಹ್ರಸ್ವರೂಪ. ಅದರ ಮುಂದೆ ಪತ್ತೆಯಾದ ವರ್ಷವನ್ನೂ ನಂತರ ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳನ್ನೂ ಸೇರಿಸಲಾಗುತ್ತದೆ. ವರ್ಷದ ಮೊದಲ 26 ಕಾಯಗಳಿಗೆ ಒಂದೊಂದು ಅಕ್ಷರ, ಮುಂದಿನ 676 ಕಾಯಗಳಿಗೆ ಎರಡೆರಡು, ಆ ಬಳಿಕ ಮೂರು ಅಕ್ಷರಗಳು ಅನುಕ್ರಮವಾಗಿ ಬರುತ್ತವೆ. ಈ ಕ್ರಮದಲ್ಲಿ ಸಿ, ಓ, ಡಬ್ಲ್ಯು ಎಂಬ ಮೂರು ಅಕ್ಷರಗಳು 2,441ನೆಯ ಸ್ಥಾನದಲ್ಲಿ ಒದಗುತ್ತವೆ. ಅವು ಸೇರಿ ಹಸು ಎಂಬ ಅರ್ಥದ ಇಂಗ್ಲಿಷ್ ಪದವಾದದ್ದು ಆಕಸ್ಮಿಕ. ಈ ಕಾಯದ ಸ್ವರೂಪ ಖಚಿತವಾಗದ ಕಾರಣ 'ಎಟಿ' ಎಂಬ ಪೂರ್ವಪದವೇ ಉಳಿದುಕೊಂಡಿದೆ. ಸೂಪರ್ನೋವಾ ಎಂದು ದೃಢಪಟ್ಟ ಕಾಯಗಳಿಗೆ ಅದರ ಬದಲು 'ಎಸ್‌ಎನ್' ಎಂದು ಸೇರಿಸಲಾಗುತ್ತದೆ.

ಪತ್ತೆ ಮತ್ತು ದೂರದ ನಿರ್ಣಯ

ಹವಾಯಿ ದ್ವೀಪಗಳ ಹಲೆಯಕಲಾ ಪರ್ವತದ ಮೇಲಿನ ಅಟ್ಲಾಸ್ ದೂರದರ್ಶಕವು ಈ ಕಾಯವನ್ನು ಮೊದಲು ಗುರುತಿಸಿತು. ಭೂಮಿಗೆ ಅಪ್ಪಳಿಸಬಹುದಾದ ಕ್ಷುದ್ರಗ್ರಹಗಳ ಮುನ್ಸೂಚನೆಗಾಗಿ ಸ್ಥಾಪಿತವಾದ ಅಟ್ಲಾಸ್, ಆಕಾಶವನ್ನು ಪದೇ ಪದೇ ಚಿತ್ರೀಕರಿಸುವುದರಿಂದ ಇತರ ಹೊಸ ಕಾಯಗಳನ್ನೂ ಪತ್ತೆಹಚ್ಚುತ್ತದೆ. ಪತ್ತೆಯಾದಾಗ ಕಾಯದ ಕಾಂತಿಮಾನ ಸುಮಾರು 14.7 ಇತ್ತು. ಅದಕ್ಕೆ ಸುಮಾರು 4 ದಿನ ಮೊದಲು ಅದೇ ಸ್ಥಳವನ್ನು ಚಿತ್ರಿಸಿದಾಗ ಅಲ್ಲಿ ಏನೂ ಕಂಡಿರಲಿಲ್ಲ. ಅಷ್ಟು ಅಲ್ಪ ಅವಧಿಯಲ್ಲಿ ಅದು 5 ಕಾಂತಿಮಾನಗಳಿಗೂ ಹೆಚ್ಚು, ಅಂದರೆ 100 ಪಟ್ಟಿಗೂ ಮಿಗಿಲಾಗಿ ಬೆಳಗಿತ್ತು.

ಇಂತಹ ಕಾಯ ಕಂಡಾಗ ಮೊದಲು ಉತ್ತರಿಸಬೇಕಾದ ಪ್ರಶ್ನೆ ಅದು ಎಷ್ಟು ದೂರದಲ್ಲಿದೆ ಎಂಬುದು. ನಮ್ಮದೇ ಆಕಾಶಗಂಗೆಯಲ್ಲಿ, ಶ್ವೇತಕುಬ್ಜವೊಂದು ನೆರೆಯ ತಾರೆಯಿಂದ ದ್ರವ್ಯವನ್ನು ಸೆಳೆದುಕೊಳ್ಳುವಾಗಲೂ ಹೀಗೆ ಹಠಾತ್ತನೆ ಬೆಳಕು ಹೊಮ್ಮುವುದುಂಟು. ಅಂತಹ ಹತ್ತಿರದ ಸಾಧಾರಣ ವಸ್ತುವೊಂದು ದೂರದ ಗೆಲಾಕ್ಸಿಯ ಮುಂದೆ ಕಾಕತಾಳೀಯವಾಗಿ ಕಾಣಿಸುತ್ತಿರಬಹುದು ಎಂಬ ಸಾಧ್ಯತೆಯನ್ನು ಆರಂಭದಲ್ಲಿ ಪರಿಗಣಿಸಲಾಗಿತ್ತು. ಮುಂದಿನ ದಿನಗಳಲ್ಲಿ ಪಡೆದ ರೋಹಿತದಲ್ಲಿ ಗೆಲಾಕ್ಸಿಯ ಕೆಂಪುಪಲ್ಲಟಕ್ಕೆ ಸರಿಹೊಂದುವ ಹೀರಿಕೆಯ ರೇಖೆಗಳು ಕಂಡವು. ಕೆಂಪುಪಲ್ಲಟದ ಮೌಲ್ಯ 0.014. ಇದರಿಂದ ಕಾಯವು ಆ ಗೆಲಾಕ್ಸಿಗೇ ಸೇರಿದ್ದೆಂದು ತಿಳಿಯಿತು. ದೂರ ತಿಳಿದೊಡನೆ ಅದರ ನಿಜವಾದ ಪ್ರಖರತೆಯೂ ತಿಳಿಯಿತು. ಸಾಧಾರಣವೆನಿಸಿದ್ದ ಚುಕ್ಕೆ ಅಸಾಧಾರಣ ಶಕ್ತಿಯ ಆಕರವೆಂದು ಸಿದ್ಧವಾಯಿತು.

ಸಿಜಿಸಿಜಿ 137-068 ಆಕಾಶಗಂಗೆಗಿಂತ ಬಹಳ ಸಣ್ಣದಾದ ಸುರುಳಿ ಗೆಲಾಕ್ಸಿ. ಎಟಿ 2018 ಕೌ ಅದರ ಕೇಂದ್ರದಲ್ಲಿ ಇರದೆ, ಕೇಂದ್ರದಿಂದ ಸುಮಾರು 5,500 ಜ್ಯೋತಿರ್ವರ್ಷಗಳಷ್ಟು ಸರಿದು ಇದೆ. ಸ್ವರೂಪದ ಚರ್ಚೆಯಲ್ಲಿ ಈ ಅಂಶಕ್ಕೆ ಮಹತ್ವವಿದೆ.

ವೀಕ್ಷಣೆಗಳು

ಗೋಚರ ಬೆಳಕು ಮತ್ತು ನೇರಳಾತೀತ

ಸಾಮಾನ್ಯ ಸೂಪರ್ನೋವಾವೊಂದು ಗರಿಷ್ಠ ಪ್ರಖರತೆಯನ್ನು ಮುಟ್ಟಲು ಎರಡರಿಂದ ಮೂರು ವಾರ ಬೇಕಾಗುತ್ತದೆ. ಎಟಿ 2018 ಕೌ ಕೆಲವೇ ದಿನಗಳಲ್ಲಿ ಗರಿಷ್ಠಕ್ಕೇರಿ, ಆ ಕೂಡಲೇ ಇಳಿಯತೊಡಗಿತು. ಆರಂಭದಲ್ಲಿ ಅದರ ಮೇಲ್ಮೈಯ ತಾಪ ಸುಮಾರು 30,000 ಕೆಲ್ವಿನ್ ಇತ್ತು. ಸೂಪರ್ನೋವಾದ ದ್ರವ್ಯ ಹಿಗ್ಗಿದಂತೆ ತಣಿದು ಕೆಂಪಾಗುವುದು ರೂಢಿ. ಇದು ವಾರಗಳು ಕಳೆದ ಮೇಲೂ ಸುಮಾರು 15,000 ಕೆಲ್ವಿನ್ ತಾಪದಲ್ಲಿ ನೀಲಿಯಾಗಿಯೇ ಉಳಿಯಿತು. ಬೆಳಕು ಸೂಸುವ ಮೇಲ್ಮೈ ಹಿಗ್ಗುವ ಬದಲು ದಿನೇ ದಿನೇ ಕುಗ್ಗುತ್ತಿತ್ತು.

ಮೊದಲ ರೋಹಿತಗಳಲ್ಲಿ ಸ್ಪಷ್ಟವಾದ ರೇಖೆಗಳು ಇರಲಿಲ್ಲ. ಕಂಡುಬಂದ ಅತಿ ಅಗಲವಾದ ಲಕ್ಷಣವು ಬೆಳಕಿನ ವೇಗದ ಸುಮಾರು ಹತ್ತನೇ ಒಂದು ಭಾಗದಷ್ಟು ವೇಗದಲ್ಲಿ ಚಲಿಸುವ ದ್ರವ್ಯವನ್ನು ಸೂಚಿಸಿತು. ಕೆಲವು ವಾರಗಳ ನಂತರ ಹೈಡ್ರೊಜನ್ ಮತ್ತು ಹೀಲಿಯಮ್‌ಗಳ ಉತ್ಸರ್ಜನ ರೇಖೆಗಳು ಗೋಚರಿಸಿದವು; ಅವು ಸೂಚಿಸಿದ ವೇಗ ಸೆಕೆಂಡಿಗೆ ಕೆಲವು ಸಾವಿರ ಕಿಲೋಮೀಟರ್ ಮಾತ್ರ. ಒಂದೇ ಸ್ಫೋಟದಲ್ಲಿ ಎರಡು ಬಗೆಯ ವೇಗಗಳು ಇದ್ದುದರಿಂದ, ದ್ರವ್ಯವು ಎಲ್ಲ ದಿಕ್ಕುಗಳಿಗೂ ಸಮನಾಗಿ ಚಿಮ್ಮಿರಲಿಲ್ಲ ಎಂದು ತರ್ಕಿಸಲಾಯಿತು. 2023ರಲ್ಲಿ ಪ್ರಕಟವಾದ ಧ್ರುವೀಕರಣದ ಅಧ್ಯಯನವೂ ಆರಂಭದ ದಿನಗಳಲ್ಲಿ ದ್ರವ್ಯವು ತಟ್ಟೆಯಂತೆ ಅತ್ಯಂತ ಚಪ್ಪಟೆಯಾಗಿತ್ತು ಎಂಬ ನಿರ್ಣಯಕ್ಕೆ ಬಂದಿತು.

ಕ್ಷ-ಕಿರಣ

ನಾಸಾದ ಸ್ವಿಫ್ಟ್ ಉಪಗ್ರಹವು ಪತ್ತೆಯಾದ ಕೆಲವೇ ದಿನಗಳಲ್ಲಿ ಇದರಿಂದ ಪ್ರಬಲ ಕ್ಷ-ಕಿರಣಗಳು ಹೊಮ್ಮುತ್ತಿರುವುದನ್ನು ಕಂಡಿತು. ಸುಮಾರು 20 ದಿನಗಳವರೆಗೆ ನಿಧಾನವಾಗಿ ಇಳಿದ ಕ್ಷ-ಕಿರಣದ ಪ್ರಖರತೆ, ಆ ಬಳಿಕ ಏರಿಳಿತಗಳೊಡನೆ ವೇಗವಾಗಿ ಕುಸಿಯಿತು. ನುಸ್ಟಾರ್ ಮತ್ತು ಇಂಟಿಗ್ರಲ್ ಉಪಗ್ರಹಗಳು ಮೊದಲ ವಾರದ ಆಸುಪಾಸಿನಲ್ಲಿ 10 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗೂ ಅಧಿಕ ಶಕ್ತಿಯ ಕಿರಣಗಳಲ್ಲಿ ಉಬ್ಬೊಂದನ್ನು ಗುರುತಿಸಿದವು. ಎರಡು ವಾರ ದಾಟಿದಾಗ ಅದು ಮಾಯವಾಗಿತ್ತು. ಕಪ್ಪುಕುಳಿಯ ಸುತ್ತಲಿನ ಅನಿಲದಿಂದ ಕಿರಣಗಳು ಪ್ರತಿಫಲಿಸಿದಾಗ ಇಂತಹ ಉಬ್ಬು ಕಾಣಬರುತ್ತದೆ. ಆಳದಲ್ಲಿ ಅಡಗಿರುವ ಆಕರವೊಂದು ಹೊದಿಕೆಯ ದ್ರವ್ಯವನ್ನು ಒಳಗಿನಿಂದ ಬೆಳಗಿಸುತ್ತಿದೆ ಎಂಬುದಕ್ಕೆ ಇದು ಪ್ರಬಲ ಸೂಚನೆಯಾಯಿತು.

ರೇಡಿಯೋ ತರಂಗ

ಮಿಲಿಮೀಟರ್ ತರಂಗಾಂತರದಲ್ಲಿ ಇದು ಆರಂಭದಿಂದಲೇ ಪ್ರಖರವಾಗಿತ್ತು. ಹವಾಯಿಯ ಸಬ್‌ಮಿಲಿಮೀಟರ್ ಅರೇ ಮತ್ತು ಚಿಲಿಯ ಆಲ್ಮಾ ವೀಕ್ಷಣಾಲಯಗಳ ಅಳತೆಗಳಿಂದ, ಬೆಳಕಿನ ವೇಗದ ಹತ್ತನೇ ಒಂದು ಭಾಗದಷ್ಟು ವೇಗದ ಆಘಾತ ತರಂಗವೊಂದು ದಟ್ಟವಾದ ಅನಿಲವನ್ನು ಭೇದಿಸಿ ಸಾಗುತ್ತಿದೆ ಎಂದು ತಿಳಿಯಿತು. ಸ್ಫೋಟದ ಸುತ್ತ ದಟ್ಟ ಅನಿಲವಿದೆ ಎಂಬುದು, ಸಾಯುವ ಮುನ್ನ ತಾರೆಯು ತನ್ನ ಹೊರಪದರಗಳನ್ನು ಸೂಸಿತ್ತು ಎಂಬ ವಿವರಣೆಗೆ ಹೊಂದುತ್ತದೆ.

ಭಾರತದಿಂದ ನಡೆದ ವೀಕ್ಷಣೆಗಳು

ದಿನದಿಂದ ದಿನಕ್ಕೆ ಬದಲಾಗುವ ಕಾಯವನ್ನು ಒಂದೇ ಸ್ಥಳದಿಂದ ನೋಡಿದರೆ ಸಾಲದು. ಅಲ್ಲಿ ಸೂರ್ಯ ಮೂಡಿದೊಡನೆ ವೀಕ್ಷಣೆ ನಿಲ್ಲುತ್ತದೆ. ಅಮೆರಿಕ ಖಂಡದಲ್ಲಿ ಹಗಲಾಗಿರುವಾಗ ಏಷ್ಯಾದ ದೂರದರ್ಶಕಗಳು ವೀಕ್ಷಣೆಯನ್ನು ಮುಂದುವರಿಸಬೇಕಾಗುತ್ತದೆ. ಈ ಉದ್ದೇಶದಿಂದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ರೂಪುಗೊಂಡ ಗ್ರೋತ್ ಎಂಬ ಅಂತರರಾಷ್ಟ್ರೀಯ ಜಾಲದಲ್ಲಿ ಭಾರತವೂ ಸೇರಿತ್ತು.

ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುತ್ತದೆ. 2000ರಲ್ಲಿ ಮೊದಲ ಬೆಳಕು ಕಂಡ ಈ ದೂರದರ್ಶಕವನ್ನು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿರುವ ಸಂಸ್ಥೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಿಯಂತ್ರಿಸಲಾಗುತ್ತದೆ. ವೀಕ್ಷಕರು ಹೊಸಕೋಟೆಯಲ್ಲೇ ಕುಳಿತು, ಹಿಮಾಲಯದ ಒಣ ಹಾಗೂ ನಿರ್ಮಲ ಆಕಾಶವನ್ನು ಬಳಸಿಕೊಳ್ಳಬಹುದು. ಎಟಿ 2018 ಕೌ ಕುರಿತು ಡೇನಿಯಲ್ ಪರ್ಲಿ ನೇತೃತ್ವದಲ್ಲಿ 2019ರಲ್ಲಿ ಪ್ರಕಟವಾದ ವಿಸ್ತಾರವಾದ ಅಧ್ಯಯನದಲ್ಲಿ ಈ ದೂರದರ್ಶಕದ ವೀಕ್ಷಣೆಗಳನ್ನು ಬಳಸಲಾಗಿದೆ. ಸಂಸ್ಥೆಯ ಜಿ. ಸಿ. ಅನುಪಮಾ, ಡಿ. ಕೆ. ಸಾಹು ಮತ್ತು ಅವಿನಾಶ್ ಸಿಂಗ್ ಅದರ ಸಹಲೇಖಕರಲ್ಲಿ ಸೇರಿದ್ದಾರೆ. ಸೂಪರ್ನೋವಾಗಳ ಅಧ್ಯಯನಕ್ಕೆ ಹೆಸರಾದ ಅನುಪಮಾ ಅವರು 2019ರಲ್ಲಿ ಭಾರತೀಯ ಖಗೋಳ ಸಂಘದ ಅಧ್ಯಕ್ಷರಾದ ಮೊದಲ ಮಹಿಳೆ.

ಇಸ್ರೊ ಸಂಸ್ಥೆಯು 2015ರಲ್ಲಿ ಉಡಾಯಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ದತ್ತಾಂಶದಲ್ಲಿ, ಈ ಕಾಯ ಮೂಡಿದ ಅವಧಿಗೆ ಹೊಂದುವ ತೀಕ್ಷ್ಣ ಕ್ಷ-ಕಿರಣ ಸ್ಫೋಟಕ್ಕಾಗಿ ಹುಡುಕಲಾಯಿತು. ಅಂತಹದ್ದು ಏನೂ ಸಿಗಲಿಲ್ಲ. ಇತರ ಉಪಗ್ರಹಗಳಲ್ಲಿಯೂ ಗಾಮಾ-ಕಿರಣ ಸ್ಫೋಟ ದಾಖಲಾಗಿರಲಿಲ್ಲ. ಇಲ್ಲವೆಂಬ ಉತ್ತರವೂ ಇಲ್ಲಿ ಉಪಯುಕ್ತವೇ. ಭೂಮಿಯ ಕಡೆಗೆ ನೇರವಾಗಿ ಮುಖಮಾಡಿದ, ಪ್ರಬಲವಾದ ಗಾಮಾ-ಕಿರಣ ಸ್ಫೋಟ ಇದಲ್ಲ ಎಂದು ಅದರಿಂದ ತಿಳಿಯುತ್ತದೆ.

ಪುಣೆ ಸಮೀಪದ ಜೈಂಟ್ ಮೀಟರ್‌ವೇವ್ ರೇಡಿಯೋ ದೂರದರ್ಶಕವು ಕಡಿಮೆ ಆವರ್ತನಗಳಲ್ಲಿ ಈ ಕಾಯವನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿತು. ಎ. ಜೆ. ನಯನಾ ಮತ್ತು ಪೂನಂ ಚಂದ್ರ 2021ರಲ್ಲಿ ಇದರ ಫಲಿತಾಂಶಗಳನ್ನು ಪ್ರಕಟಿಸಿದರು. ಆಘಾತ ತರಂಗವು ಹೊರಕ್ಕೆ ಸಾಗಿದಂತೆಲ್ಲ ತಾರೆಯು ಹಿಂದೆ ಸೂಸಿದ್ದ ಅನಿಲವನ್ನು ತಾಗುತ್ತದೆ. ದೂರದ ಅನಿಲ ಎಷ್ಟು ವಿರಳವೆಂಬುದು ಅಷ್ಟು ಹಿಂದಿನ ಕಾಲದ ದಾಖಲೆ. ಸ್ಫೋಟಕ್ಕೆ ದಶಕಗಳ ಮುಂಚಿನ ಅವಧಿಗೆ ಹೋಲಿಸಿದರೆ, ಅಂತ್ಯ ಸಮೀಪಿಸಿದ ಕೆಲವು ವರ್ಷಗಳಲ್ಲಿ ತಾರೆಯು ದ್ರವ್ಯವನ್ನು ಕಳೆದುಕೊಂಡ ದರ ಸುಮಾರು 100 ಪಟ್ಟು ಹೆಚ್ಚಾಗಿತ್ತು ಎಂದು ಅವರು ಕಂಡುಕೊಂಡರು. ಇದು ಮೂಲ ಕಾಯವು ಬೃಹತ್ ತಾರೆಯಾಗಿತ್ತು ಎಂಬ ಪಕ್ಷಕ್ಕೆ ಬಲ ನೀಡಿತು.

ಸ್ವರೂಪದ ಕುರಿತ ವಿವರಣೆಗಳು

ಸಾಮಾನ್ಯ ಸೂಪರ್ನೋವಾ

ಬಹುತೇಕ ಸೂಪರ್ನೋವಾಗಳ ಬೆಳಕಿಗೆ ಕಾರಣ ಸ್ಫೋಟದಲ್ಲಿ ಉಂಟಾಗುವ ವಿಕಿರಣಶೀಲ ನಿಕ್ಕಲ್-56. ಇದು ಕ್ಷಯಿಸುವಾಗ ಬಿಡುಗಡೆಯಾಗುವ ಶಕ್ತಿ ಚೆದುರಿದ ದ್ರವ್ಯವನ್ನು ಕಾಯಿಸುತ್ತದೆ. ಬೆಳಕು ಬೇಗ ಹೊರಬರಬೇಕಾದರೆ ಅದು ದಾಟಬೇಕಾದ ದ್ರವ್ಯ ಅಲ್ಪವಾಗಿರಬೇಕು. ಎಟಿ 2018 ಕೌ ಬೆಳಗಿದ ವೇಗವನ್ನು ಗಮನಿಸಿದರೆ ಚೆದುರಿದ ದ್ರವ್ಯ ಸೂರ್ಯನ ರಾಶಿಯನ್ನು ಮೀರಿರಲಾರದು. ಆದರೆ ಅದರ ಪ್ರಖರತೆಯನ್ನು ನಿಕ್ಕಲ್ ಒಂದರಿಂದಲೇ ವಿವರಿಸಲು ಅದಕ್ಕಿಂತ ಹಲವು ಪಟ್ಟು ನಿಕ್ಕಲ್ ಬೇಕಾಗುತ್ತದೆ. ಒಟ್ಟು ದ್ರವ್ಯಕ್ಕಿಂತ ಅದರ ಒಂದು ಅಂಶ ಹೆಚ್ಚಾಗಿರುವುದು ಅಸಾಧ್ಯವಾದುದರಿಂದ ಈ ವಿವರಣೆಯನ್ನು ಕೈಬಿಡಲಾಯಿತು.

ಕಪ್ಪುಕುಳಿಯಿಂದ ಛಿದ್ರವಾದ ತಾರೆ

ಪರ್ಲಿ ಮತ್ತು ಸಂಗಡಿಗರು, ಹಾಗೂ ಪ್ರತ್ಯೇಕವಾಗಿ ಪಾಲ್ ಕುಯಿನ್ ನೇತೃತ್ವದ ತಂಡ, ಕಪ್ಪುಕುಳಿಯೊಂದರ ಸಮೀಪಕ್ಕೆ ಬಂದ ತಾರೆಯು ಅದರ ಗುರುತ್ವದಿಂದ ಛಿದ್ರವಾಗಿರಬಹುದು ಎಂಬ ಸಾಧ್ಯತೆಯನ್ನು ಮುಂದಿಟ್ಟರು. ಗೆಲಾಕ್ಸಿಗಳ ಕೇಂದ್ರದಲ್ಲಿರುವ ಮಹಾ ಕಪ್ಪುಕುಳಿಗಳಿಂದ ಇಂತಹ ಘಟನೆಗಳು ನಡೆಯುತ್ತವೆ. ಆದರೆ ಎಟಿ 2018 ಕೌ ಕೇಂದ್ರದಿಂದ ದೂರದಲ್ಲಿದೆ. ಅದರ ಬದಲಾವಣೆಯ ವೇಗವೂ ಮಹಾ ಕಪ್ಪುಕುಳಿಗೆ ಹೊಂದುವುದಿಲ್ಲ. ಆದ್ದರಿಂದ ಈ ವಿವರಣೆಗೆ ಮಧ್ಯಮ ಗಾತ್ರದ ಕಪ್ಪುಕುಳಿಯೊಂದು ಬೇಕಾಗುತ್ತದೆ. ಹಾಗೆ ದಟ್ಟ ಅನಿಲದ ನಡುವೆ ಅಂತಹ ಕಪ್ಪುಕುಳಿ ಇರುವುದು ಹೇಗೆ ಎಂಬುದು ಈ ಪಕ್ಷದ ಮುಖ್ಯ ತೊಡಕು.

ಕುಸಿದ ತಾರೆಯ ಒಡಲಿನ ಯಂತ್ರ

ರಫೇಲಾ ಮಾರ್ಗುಟ್ಟಿ ನೇತೃತ್ವದ ತಂಡವು 2019ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ, ಬೃಹತ್ ತಾರೆಯೊಂದರ ತಿರುಳು ಕುಸಿದು ಕಪ್ಪುಕುಳಿಯಾಗಿದೆ ಅಥವಾ ಪ್ರಬಲ ಕಾಂತಕ್ಷೇತ್ರದೊಡನೆ ವೇಗವಾಗಿ ತಿರುಗುವ ನ್ಯೂಟ್ರಾನ್ ತಾರೆಯಾಗಿದೆ. ಸಾಮಾನ್ಯ ಸ್ಫೋಟದಲ್ಲಿ ಹೊರಪದರಗಳು ಈ ಕೇಂದ್ರವನ್ನು ದೀರ್ಘಕಾಲ ಮರೆಮಾಡುತ್ತವೆ. ಇಲ್ಲಿ ಚೆದುರಿದ ದ್ರವ್ಯ ಅತ್ಯಲ್ಪವೂ ಅಸಮವೂ ಆಗಿದ್ದುದರಿಂದ, ಹೊಸದಾಗಿ ಜನಿಸಿದ ಕಾಯದ ಕ್ಷ-ಕಿರಣಗಳು ಕೆಲವೇ ದಿನಗಳಲ್ಲಿ ಹೊರಗೆ ಕಂಡವು. ಈ ವಿವರಣೆ ನಿಜವಾದಲ್ಲಿ, ಕಪ್ಪುಕುಳಿ ಅಥವಾ ನ್ಯೂಟ್ರಾನ್ ತಾರೆಯೊಂದರ ಜನನವನ್ನು ಆರಂಭದ ದಿನಗಳಿಂದಲೇ ಗಮನಿಸಿದಂತಾಗುತ್ತದೆ.

ಜೊತೆ ತಾರೆಯೊಡನೆ ವಿಲೀನ

2022ರಲ್ಲಿ ಬ್ರಯನ್ ಮೆಟ್ಜ್‌ಗರ್ ಮತ್ತೊಂದು ಸಾಧ್ಯತೆಯನ್ನು ಸೂಚಿಸಿದರು. ಹೈಡ್ರೊಜನ್ ಹೊದಿಕೆಯನ್ನು ಬಹುಪಾಲು ಕಳೆದುಕೊಂಡ ವುಲ್ಫ್-ರಾಯೆ ತಾರೆಯು ತನ್ನ ಸಂಗಾತಿಯಾದ ಕಪ್ಪುಕುಳಿ ಅಥವಾ ನ್ಯೂಟ್ರಾನ್ ತಾರೆಯೊಡನೆ ವಿಲೀನವಾದರೆ, ವೇಗವಾದ ಹೊರಹರಿವು, ಸುತ್ತಲಿನ ದಟ್ಟ ಅನಿಲ ಮತ್ತು ಕೇಂದ್ರದ ಕ್ಷ-ಕಿರಣ ಮೂರನ್ನೂ ಒಟ್ಟಿಗೆ ವಿವರಿಸಬಹುದು ಎಂಬುದು ಈ ವಾದ.

ಕೇಂದ್ರ ಕಾಯದ ರಾಶಿಗೆ ಮಿತಿ

2021ರ ಡಿಸೆಂಬರ್‌ನಲ್ಲಿ ಧೀರಜ್ ಪಾಶಮ್ ನೇತೃತ್ವದ ತಂಡವು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ನೈಸರ್ ಉಪಕರಣದ ದತ್ತಾಂಶವನ್ನು ವಿಶ್ಲೇಷಿಸಿ, ಎಟಿ 2018 ಕೌ ಹೊಮ್ಮಿಸಿದ ಕ್ಷ-ಕಿರಣಗಳು ಸೆಕೆಂಡಿಗೆ ಸುಮಾರು 224 ಬಾರಿ ಮಿಡಿಯುತ್ತಿದ್ದವೆಂದು ವರದಿ ಮಾಡಿತು. ಒಂದು ಮಿಡಿತದ ಅವಧಿ 4.4 ಮಿಲಿಸೆಕೆಂಡ್, ಈ ಮಿಡಿತ ಸುಮಾರು 60 ದಿನಗಳ ಕಾಲ ಕಂಡುಬಂದಿತು.

ಈ ಅಳತೆಯ ಮಹತ್ವ ಸರಳವಾದ ತರ್ಕದಲ್ಲಿದೆ. ಯಾವುದೇ ಆಕರದ ಪ್ರಖರತೆ ಒಟ್ಟಾಗಿ ಬದಲಾಗಬೇಕಾದರೆ ಅದರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಪ್ರಭಾವ ತಲುಪಬೇಕು, ಆ ಪ್ರಭಾವ ಬೆಳಕಿಗಿಂತ ವೇಗವಾಗಿ ಸಾಗಲಾರದು. 4.4 ಮಿಲಿಸೆಕೆಂಡಿನಲ್ಲಿ ಬೆಳಕು ಕ್ರಮಿಸುವುದು ಸುಮಾರು 1,300 ಕಿಲೋಮೀಟರ್. ಆಕರ ಇದಕ್ಕಿಂತ ದೊಡ್ಡದಾಗಿರಲಾರದು. ಕಪ್ಪುಕುಳಿಯ ಗಾತ್ರ ಅದರ ರಾಶಿಗೆ ಅನುಗುಣವಾಗಿರುವುದರಿಂದ, ಕೇಂದ್ರ ಕಾಯದ ರಾಶಿ ಸೂರ್ಯನ ರಾಶಿಯ 850 ಪಟ್ಟಿಗಿಂತ ಕಡಿಮೆ ಇರಬೇಕೆಂದು ಲೆಕ್ಕ ಹಾಕಲಾಯಿತು. ಮಹಾ ಕಪ್ಪುಕುಳಿಯ ಸಾಧ್ಯತೆ ಇದರಿಂದ ದೂರವಾಗುತ್ತದೆ. ಆದರೆ 2022ರಲ್ಲಿ ಇತರ ಉಪಗ್ರಹಗಳ ದತ್ತಾಂಶದಲ್ಲಿ ಸುಮಾರು 250 ಸೆಕೆಂಡ್ ಅವಧಿಯ ನಿಧಾನವಾದ ಏರಿಳಿತವೊಂದು ಇರಬಹುದೆಂದು ಬೇರೊಂದು ತಂಡ ಸೂಚಿಸಿ, ಅದನ್ನು ಮಧ್ಯಮ ಗಾತ್ರದ ಕಪ್ಪುಕುಳಿಯ ಪರವಾಗಿ ಅರ್ಥೈಸಿತು. ಹೀಗಾಗಿ ಚರ್ಚೆ ಮುಂದುವರಿದಿದೆ.

ಸ್ಫೋಟವಾಗಿ ನಾಲ್ಕು ವರ್ಷಗಳು ಕಳೆದ ಮೇಲೂ ಹಬಲ್ ಬಾಹ್ಯಾಕಾಶ ದೂರದರ್ಶಕವು ಅದೇ ಸ್ಥಳದಲ್ಲಿ ನೇರಳಾತೀತ ಬೆಳಕಿನ ಆಕರವೊಂದನ್ನು ಕಂಡಿತು. ಕಪ್ಪುಕುಳಿಯ ಸುತ್ತ ತಿರುಗುತ್ತ ನಿಧಾನವಾಗಿ ಒಳಸೇರುತ್ತಿರುವ ದ್ರವ್ಯದ ತಟ್ಟೆ ಇದಾಗಿರಬಹುದು ಎಂಬುದು ಒಂದು ವ್ಯಾಖ್ಯಾನ.

ಇದೇ ವರ್ಗದ ಇತರ ಕಾಯಗಳು

ಎಟಿ 2018 ಕೌ ಒಂಟಿ ವಿಚಿತ್ರವಲ್ಲ ಎಂಬುದು ಬೇಗನೆ ತಿಳಿಯಿತು. ಇದನ್ನು ಮಾದರಿಯಾಗಿಟ್ಟುಕೊಂಡು 'ಪ್ರಖರ ಕ್ಷಿಪ್ರ ನೀಲಿ ಅಲ್ಪಕಾಲಿಕ ಕಾಯಗಳು' ಎಂಬ ವರ್ಗವನ್ನು ಗುರುತಿಸಲಾಗಿದೆ. ಈ ವರ್ಗದ ಶೋಧದಲ್ಲಿ ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯದ ಜ್ವಿಕಿ ಟ್ರಾನ್ಸಿಯಂಟ್ ಫೆಸಿಲಿಟಿ ಎಂಬ ಸಮೀಕ್ಷೆಯ ಪಾತ್ರ ದೊಡ್ಡದು. ಅದನ್ನು ರೂಪಿಸಿದವರು ಹುಬ್ಬಳ್ಳಿಯಲ್ಲಿ ಬೆಳೆದ ಖಗೋಳವಿಜ್ಞಾನಿ ಶ್ರೀನಿವಾಸ ಕುಲಕರ್ಣಿ. ಅಲ್ಪಕಾಲಿಕ ಕಾಯಗಳ ಕುರಿತ ಸಂಶೋಧನೆಗಳಿಗಾಗಿ ಅವರಿಗೆ 2024ರ ಶಾ ಪ್ರಶಸ್ತಿ ಸಂದಿದೆ.

ಈ ವರ್ಗದ ಕಾಯಗಳಿಗೆ ಹೆಸರಿನ ಅಕ್ಷರಗಳನ್ನು ಆಧರಿಸಿ ಪ್ರಾಣಿಗಳ ಅಡ್ಡಹೆಸರು ಇಡುವುದು ರೂಢಿಯಾಗಿದೆ. 2018ರಲ್ಲೇ 300 ಕೋಟಿ ಜ್ಯೋತಿರ್ವರ್ಷಗಳಿಗೂ ಹೆಚ್ಚು ದೂರದಲ್ಲಿ ಕಂಡ ಕಾಯಕ್ಕೆ 'ಕೋಲಾ', 2020ರ ಒಂದು ಕಾಯಕ್ಕೆ 'ಕ್ಯಾಮೆಲ್' ಎಂಬ ಹೆಸರುಗಳಿವೆ. 2022ರಲ್ಲಿ ಪತ್ತೆಯಾದ 'ಟಾಸ್ಮೇನಿಯನ್ ಡೆವಿಲ್' ಮಾಸಿದ ತಿಂಗಳುಗಳ ಬಳಿಕ, ಕೆಲವೇ ನಿಮಿಷಗಳ ಕಾಲ ಮತ್ತೆ ಮತ್ತೆ ಮೊದಲಿನಷ್ಟೇ ಪ್ರಖರವಾಗಿ ಮಿನುಗಿತು. ಸತ್ತ ತಾರೆಯ ಸ್ಥಳದಲ್ಲಿ ಯಂತ್ರವೊಂದು ಇನ್ನೂ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದನ್ನು ನೇರ ಸಾಕ್ಷ್ಯವೆಂದು ಪರಿಗಣಿಸಲಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, 2023ರ 'ಫಿಂಚ್' ಎಂಬ ಕಾಯ ಸುರುಳಿ ಗೆಲಾಕ್ಸಿಯೊಂದರಿಂದ ಸುಮಾರು 50,000 ಜ್ಯೋತಿರ್ವರ್ಷ ಹೊರಗೆ ಕಂಡಿತು. ಬೃಹತ್ ತಾರೆಗಳು ಹುಟ್ಟಿದೆಡೆಯ ಸಮೀಪವೇ ಸಾಯುವುದರಿಂದ, ಈ ಸ್ಥಳ ಬೃಹತ್ ತಾರೆಯ ಸಿದ್ಧಾಂತಕ್ಕೆ ಸವಾಲಾಗಿದೆ.

ಮಹತ್ವ

ದೂರದ ಗೆಲಾಕ್ಸಿಯ ಚುಕ್ಕೆಯೊಂದರ ಸ್ವರೂಪವನ್ನು ಒಂದೇ ಅಳತೆಯಿಂದ ನಿರ್ಣಯಿಸಲಾಗದು ಎಂಬುದಕ್ಕೆ ಎಟಿ 2018 ಕೌ ಉತ್ತಮ ನಿದರ್ಶನ. ರೋಹಿತವು ದೂರವನ್ನು ತಿಳಿಸಿತು, ಬೆಳಕಿನ ಏರಿಳಿತವು ನಿಕ್ಕಲ್ ಆಧಾರಿತ ಸೂಪರ್ನೋವಾವನ್ನು ತಳ್ಳಿಹಾಕಿತು, ಕ್ಷ-ಕಿರಣವು ಒಳಗಿನ ಯಂತ್ರವನ್ನು ತೋರಿತು, ರೇಡಿಯೋ ತರಂಗವು ಸುತ್ತಲಿನ ಅನಿಲದ ಇತಿಹಾಸವನ್ನು ಹೇಳಿತು, ಕ್ಷಿಪ್ರ ಮಿಡಿತವು ರಾಶಿಗೆ ಮಿತಿ ಹಾಕಿತು. ಮೊದಲ ಕೆಲವು ದಿನಗಳ ದತ್ತಾಂಶ ಕೈತಪ್ಪಿದ್ದರೆ ಇವುಗಳಲ್ಲಿ ಹಲವು ತಿಳಿಯುತ್ತಿರಲಿಲ್ಲ. ಬೃಹತ್ ತಾರೆಗಳು ಹೇಗೆ ಕೊನೆಗೊಳ್ಳುತ್ತವೆ, ಕಪ್ಪುಕುಳಿಗಳು ಹೇಗೆ ಜನಿಸುತ್ತವೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವಲ್ಲಿ ಈ ವರ್ಗದ ಕಾಯಗಳು ಇಂದು ಪ್ರಮುಖ ಸ್ಥಾನ ಪಡೆದಿವೆ.